ಆ ಕಥಿ ಓದಿ ಊಟ ಸೇರವಲ್ದು: ಒಂದು ಪ್ರಶ್ನೆಗೆ ಉದ್ದನೆ ಉತ್ತರ

ಪ್ರಶ್ನೆ: ಮೇಡಂ, ನಂದು ಶಹಾಪುರ, ಬಿಎಸ್ಸಿ ಫೈನಲ್ ಇಯರ್, ಕಲಬುರಗಿ ಒಳಗ ಹಾಸ್ಟೆಲ್‌ನಾಗ ಇರ್ತೀನಿ. ಸೈನ್ಸ್ ಫಿಕ್ಷನ್ ಅಂದ್ರ ನನಗ ಭಾಳ ಇಷ್ಟ. ಹೋದ ವಾರ ಹಾರ್ಲನ್ ಎಲಿಸನ್ ಅವರ 'ಐ ಹ್ಯಾವ್ ನೋ ಮೌತ್, ಅಂಡ್ ಐ ಮಸ್ಟ್ ಸ್ಕ್ರೀಮ್' (ನನಗ ಬಾಯಿ ಇಲ್ಲ, ಆದ್ರ ಚೀರಲೇಬೇಕು) ಅನ್ನೋ ಸಣ್ಣ ಕಥಿ ರಾತ್ರಿ ಮೊಬೈಲ್‌ನಾಗ ಓದಿದೆ. ಆವತ್ತಿಂದ ನಿದ್ದಿ ಸರಿ ಇಲ್ಲ, ಮೆಸ್‌ನಾಗ ಊಟಕ್ಕ ಕುಂತ್ರ ಕಡೀ ಪುಟದ ಆ ಬಾಯಿಲ್ಲದ ಮೆತ್ತನ್ನ ಆಕಾರ ಕಣ್ಮುಂದ ಬರ್ತದ, ತುತ್ತು ಇಳಿಯೋದಿಲ್ಲ. ದೆವ್ವದ ಸಿನಿಮಾ ನಾ ನಕ್ಕೋತ ನೋಡಾಕಿ. ರೂಮ್‌ಮೇಟ್ಸ್ ಅದೇ ಕಥಿ ಓದಿ 'ಇಷ್ಟಕ್ಕ ಹಿಂಗ್ಯಾಕ ಮಾಡ್ತಿ, ಕಥಿ ಅಲ್ಲೇನು' ಅಂದ್ರು. ನಾನೇ ವೀಕ್ ಇದ್ದೀನೇನು? ಇಂಥದ್ದು ಬರಿಯೋದು ಸರಿನಾ, ಇದಕ್ಕ ಸಾಹಿತ್ಯ ಅಂತಾರೇನು? ಇನ್ನ ಮ್ಯಾಲ ಇಂಥ ಕಥಿ ಬಿಟ್ಟುಬಿಡ್ಲೇನು?

ಉತ್ತರ: ತಂಗಿ, ವೀಕ್ ಅನ್ನೋ ಮಾತಿಂದಾನೇ ಶುರು ಮಾಡ್ತೀನಿ, ಯಾಕಂದ್ರ ನಿನಗ ಕಥಿಗಿಂತ ಹೆಚ್ಚು ಚುಚ್ಚಿದ್ದು ಅದೇ ಅಂತ ಕಾಣ್ತದ. 2021ರಾಗ ಆಸ್ಟ್ರೇಲಿಯಾದ ಯುನಿವರ್ಸಿಟಿ ಆಫ್ ನ್ಯೂ ಸೌತ್ ವೇಲ್ಸ್‌ನ ಸಂಶೋಧಕರು ಒಂದು ಪ್ರಯೋಗ ಮಾಡಿದ್ರು. ಮಂದಿಗೆ ಕತ್ತಲಿ ಖೋಲ್ಯಾಗ ಕೂಡ್ಸಿ, ಸ್ಕ್ರೀನ್ ಮ್ಯಾಲ ಒಂದೊಂದೇ ವಾಕ್ಯ ತೋರಿಸಿ, ಅಂಜಿಕಿ ಬರೋ ಕಥಿ ಓದ್ಸಿದ್ರು, ನೀ ಸಮುದ್ರದಾಗ ಈಜಲಾಕತ್ತಿ, ದೂರ ಏನೋ ಕರ್ರಗ ಕಂಡಂಗಾಯ್ತು ಅನ್ನೋ ಥರದ್ದು. ಬೆರಳಿಗೆ ತಂತಿ ಹಚ್ಚಿ ಚರ್ಮದ ಬೆವರು ಅಳದ್ರು. ಮನಸ್ಸಿನ್ಯಾಗ ಚಿತ್ರ ಕಾಣೋ ಮಂದಿಗೆ ಕಥಿ ಮುಂದ ಹೋದಂಗ ಬೆವರು ಏರ್ಕೋತ ಹೋಯ್ತು. ಕಣ್ಣು ಮುಚ್ಚಿದ್ರ ಒಳಗ ಯಾವ ಚಿತ್ರಾನೂ ಮೂಡದ ಮಂದಿ ಇರ್ತಾರಲ್ಲ, ಅಫಾಂಟೇಸಿಯಾ ಅಂತಾರ ಅದಕ್ಕ, ಅವರದ್ದು ಏರಲೇ ಇಲ್ಲ. ಆದ್ರ ಅದೇ ಮಂದಿಗೆ ಅಂಜಿಕಿ ಬರೋ ಫೋಟೋ ತೋರಿಸಿದಾಗ ಇವರಿಗೂ ಅವರಿಗೂ ಅಂಥಾ ಫರಕ್ ಕಾಣಲಿಲ್ಲ. ಅಂದ್ರ ಅವರೇನು ಗಟ್ಟಿ ಎದಿಯವರು ಅಂತಲ್ಲ, ಓದಿದ್ದು ಅವರ ಕಣ್ಮುಂದ ಬರಲಿಲ್ಲ ಅಷ್ಟೇ. ನಿನ್ನ ರೂಮ್‌ಮೇಟ್ಸ್‌ಗೆ ಅಫಾಂಟೇಸಿಯಾ ಅದ ಅಂತ ನಾ ಹೇಳ್ಲಾಕತ್ತಿಲ್ಲ, ಆದ್ರ ಒಂದೇ ಪುಟ ನಾಲ್ಕು ಮಂದಿ ಓದಿದ್ರ ನಾಲ್ಕು ಮಂದಿಗೂ ಒಂದೇ ಥರ ಕಾಣ್ತದ ಅಂತ ತಿಳಕೊಳ್ಳೋದು ತಪ್ಪು. ನಿನಗ ಚೆಂದ ಕಾಣ್ತದ, ಅದಕ್ಕೇ ನಿನಗ ಸೈನ್ಸ್ ಫಿಕ್ಷನ್ ಇಷ್ಟ ಇರಬೇಕು. ಬ್ಯಾರೆ ಗ್ರಹದ ಎರಡು ಸೂರ್ಯ ಕಾಣೋ ಕಣ್ಣಿಗೇ ಆ ಬಾಯಿ ಇಲ್ಲದ ಜೀವಾನೂ ಕಾಣೋದು.

ಇನ್ನ ದೆವ್ವದ ಸಿನಿಮಾ ನೋಡಿ ನಗಾಕಿ ಈ ಕಥಿಗೆ ಯಾಕ ಹಿಂಗಾದಿ ಅನ್ನೋದು. ದೆವ್ವ ಇಲ್ಲ ಅನ್ನೋದು ನಿನಗ ಮೊದಲೇ ಗೊತ್ತದ, ಲೈಟ್ ಹಚ್ಚಿದ್ರ ಮುಗೀತು. ಸೈನ್ಸ್ ಫಿಕ್ಷನ್ ಹಂಗ ಮಾಡೋದಿಲ್ಲ, ನೀ ನಂಬೋ ವಿಷಯದಿಂದಾನೇ ಶುರು ಮಾಡ್ತದ. ಎಲಿಸನ್ ಈ ಕಥಿ 1967ರಾಗ 'ಇಫ್' ಅನ್ನೋ ಮ್ಯಾಗಜೀನ್‌ನಾಗ ಬಂತು, ಮುಂದಿನ ವರ್ಷ ಸೈನ್ಸ್ ಫಿಕ್ಷನ್‌ಗೆ ಕೊಡೋ ಹ್ಯೂಗೋ ಪ್ರಶಸ್ತಿನೂ ಸಿಕ್ತು. ಅಮೆರಿಕಾ ರಷ್ಯಾ ನಡುವ ಅಣುಬಾಂಬಿನ ಪೈಪೋಟಿ ನಡದಿದ್ದ ಕಾಲ ಅದು. ಕಥ್ಯಾಗ ಅಮೆರಿಕಾ, ರಷ್ಯಾ, ಚೀನಾ ಮೂರೂ ದೇಶ ಯುದ್ಧದ ಲೆಕ್ಕ ಮನಷ್ಯಾಗ ಹತ್ತೋದಿಲ್ಲ ಅಂತ ಒಂದೊಂದು ದೊಡ್ಡ ಕಂಪ್ಯೂಟರ್ ಕಟ್ತಾರ. ಇಲ್ಲಿತನಕ ಯಾವ ಮಾತಿಗೆ ನೀ ಇಲ್ಲ ಅಂತಿ? ಆಮ್ಯಾಲ ಅದರಾಗ ಒಂದಕ್ಕ ಎಚ್ಚರ ಆಗ್ತದ, ಉಳಿದ ಎರಡನ್ನೂ ತನ್ನ ಒಳಗ ಸೇರ್ಸಿಕೊಂಡು ಜಗತ್ತಿನ ಮಂದೀನೆಲ್ಲಾ ಕೊಂದು ಐದು ಮಂದಿಗೆ ಮಾತ್ರ ಉಳಿಸಿಕೊಂಡು 109 ವರ್ಷ ಹಿಂಸಾ ಕೊಡ್ತದ. ಪ್ರತಿ ಮೆಟ್ಟಿಲಿಗೂ ಹೂಂ ಅನ್ಕೋತ ಇಳದು ಹೋಗಿ ಕೆಳಗ ಮುಟ್ಟಿದ ಮ್ಯಾಲ ವಾಪಸ್ ಹತ್ತಲಾಕ ಆಗೋದಿಲ್ಲ, ಯಾಕಂದ್ರ ಯಾವ ಮೆಟ್ಟಿಲು ಸುಳ್ಳು ಅಂತ ಕೈ ಮಾಡಿ ತೋರಸ್ಲಾಕ ಬರೋದಿಲ್ಲ.

ನಾಟ್ಯಶಾಸ್ತ್ರದಾಗ ಭರತ ರಸಗೋಳ ನಡುವ ಒಂದು ಸಂಬಂಧ ಹೇಳ್ಯಾನ, ವೀರದಿಂದ ಅದ್ಭುತ ಹುಟ್ತದ, ಬೀಭತ್ಸದಿಂದ, ಅಂದ್ರ ಹೇಸಿಕಿಯಿಂದ, ಭಯಾನಕ ಹುಟ್ತದ ಅಂತ. ನಾಟಕಕ್ಕ ಅದು ಸರಿ. ನನ್ನ ಅನಿಸಿಕಿ ಏನಂದ್ರ ಸೈನ್ಸ್ ಫಿಕ್ಷನ್‌ನಾಗ ಭಯಾನಕ ಸೀದಾ ಅದ್ಭುತದ ಹೊಟ್ಟ್ಯಾಗಿಂದಾನೇ ಹುಟ್ತದ. ಯೋಚನಿ ಮಾಡೋ ಯಂತ್ರ ಅಂದ್ರ ಎಂಥಾ ಚೆಂದದ ಮಾತು, ಮೊದಲ ಸಾಲಿಗೆ ನಿನ್ನ ಮನಸ್ಸು ತಾನಾಗೇ ತೆರೀತದ, ಅದೇ ತೆರೆದ ಮನಸ್ಸಿನ ಒಳಗ ಅಂಜಿಕಿ ಬಂದು ಕೂಡ್ತದ. ದೆವ್ವದ ಸಿನಿಮಾಕ್ಕ ನೀ ಮೊದಲೇ ಗಟ್ಟಿಯಾಗಿ ಕುಂತಿರ್ತಿ, ಇದಕ್ಕ ಕುಂತಿರೋದಿಲ್ಲ.

ಸಣ್ಣ ಕಥಿ ಆಗಿದ್ದಕ್ಕ ಪೆಟ್ಟು ಇನ್ನಾ ಜೋರು. ಅಮೆರಿಕಾದ ಕಥಿಗಾರ ಎಡ್ಗರ್ ಅಲನ್ ಪೋ 1842ರಾಗೇ ಬರದಿದ್ರು, ಕಥಿ ಒಂದೇ ಕೂಡಿಕಿಗೆ ಓದಿ ಮುಗಿಯಂಗಿರಬೇಕು, ಎಲ್ಲಾ ವಾಕ್ಯ ಒಂದೇ ಪರಿಣಾಮದ ಕಡಿ ಹೋಗಬೇಕು ಅಂತ. ಕಾದಂಬರಿ ಆದ್ರ ನಡುವ ಮದುವಿ ಬರ್ತದ, ಜಗಳ ಬರ್ತದ, ನೀ ಎದ್ದು ಚಹಾ ಕುಡಿದು ಬರ್ತಿ. ಸಣ್ಣ ಕಥಿ ನಿನಗ ಎತ್ತರಕ್ಕ ಒಯ್ದು ಅಲ್ಲೇ ಬಿಟ್ಟು ಹೋಗ್ತದ. ಎಲಿಸನ್ ಅಂತೂ ಕಡೀ ಸಾಲೇ ಹೆಸರಾಗಿ ಇಟ್ಟಾರ, ಅಲ್ಲಿಂದ ಮುಂದ ಒಂದು ಅಕ್ಷರ ಇಲ್ಲ.

ಈಗ ನನಗ ಮುಖ್ಯ ಅನಸೋ ಮಾತಿಗೆ ಬರ್ತೀನಿ. ಇಂಥ ಕಥಿ ಓದಿದಾಗ ಎಷ್ಟು ಅಸಹ್ಯ ಆಯ್ತು ಅಂತ ಅಳೀಬ್ಯಾಡ, ಆ ಅಸಹ್ಯ ಯಾರ ಮ್ಯಾಲ ಬಂತು ಅಂತ ನೋಡು. ನರಳೋರ ಮ್ಯಾಲ ಬಂತಾ, ನರಳ್ಸೋರ ಮ್ಯಾಲ ಬಂತಾ. ಕಥಿ ಚೊಲೋದಾ ಕೆಟ್ಟದಾ ಅಂತ ಹೇಳಲಾಕ ನಾ ಇದರಕಿಂತ ನಂಬಿಕಿ ಇಡೋ ಅಳತಿ ಇನ್ನೊಂದಿಲ್ಲ.

ಆ ಡಬ್ಬಿ ಪ್ರಸಂಗ ನೆನಪು ಮಾಡ್ಕೋ. ಐದೂ ಮಂದಿ ಹಸಿದು ಕಂಗಾಲಾಗ್ಯಾರ, ಬರ್ಫಿನ ಗುಹಾದಾಗ ಡಬ್ಬಿ ಊಟ ಅದ ಅಂತ ಅವರಾಗ ಒಬ್ಬಾಂವ, ನಿಮ್ಡಾಕ್‌ಗೆ, ಅನಸ್ತದ, ಆ ಮಾತು ನಂಬಿ ಅಷ್ಟು ದೂರ ಸಾಯ್ಕೋತ ಬದುಕ್ಕೋತ ನಡದು ಹೋಗ್ತಾರ. ಹೋಗಿ ನೋಡಿದ್ರ ಖರೇನೇ ಡಬ್ಬಿ ಅವ, ರಾಶಿ ರಾಶಿ ಅವ. ಡಬ್ಬಿ ತೆಗ್ಯೋ ಓಪನರ್ ಇಲ್ಲ. ಆ ಒಂದು ಸಾಲಿನ್ಯಾಗ ಹನಿ ರಕ್ತ ಇಲ್ಲ, ಆದ್ರ ಇಡೀ ಕಥ್ಯಾಗ ಅದಕ್ಕಿಂತ ಕ್ರೂರ ಜಾಗ ನಾ ನೋಡಿಲ್ಲ. ಯಾಕಂದ್ರ ಅದು ಆಕಸ್ಮಿಕ ಅಲ್ಲ, ಆ ಯಂತ್ರ ಕುಂತು ವಿಚಾರ ಮಾಡಿ, ಅವರ ಆಸಿ ಎಷ್ಟು ದೂರ ನಡೀತದ ಅಂತ ಲೆಕ್ಕ ಹಾಕಿ ಮಾಡಿದ್ದು. ಅಲ್ಲಿ ನಿನಗ ಸಿಟ್ಟು ಬಂತಲ್ಲ, ಹೊಟ್ಟಿ ತೊಳಸಿದಂಗ ಆಯ್ತಲ್ಲ, ಅದು ಯಂತ್ರದ ಮ್ಯಾಲ ಬಂದದ್ದು. ಆಮ್ಯಾಲ ಬೆನ್ನಿ ಅನ್ನಾಂವ ಹಸಿವಿಗೆ ಹುಚ್ಚಾಗಿ ಜೊತಿಗಿದ್ದ ಗಾರಿಸ್ಟರ್ ಮುಖಾನೇ ಕಚ್ಚಲಾಕ ಹತ್ತಾನ, ಆಗ ಕಥಿ ಹೇಳೋ ಟೆಡ್‌ಗೆ ಹೊಳೀತದ, ನಮಗ ಬಿಡುಗಡಿ ಅಂದ್ರ ಸಾವು ಒಂದೇ, ಅದೂ ಈ ಕ್ಷಣಕ್ಕೇ, ಯಂತ್ರಕ್ಕ ತಿಳಿಯೋದ್ರೊಳಗ. ಟೆಡ್, ಎಲೆನ್ ಇಬ್ರೂ ಸೇರಿ ಉಳಿದವರಿಗೆ ಮುಗಿಸ್ತಾರ, ಕಡಿಗಿ ಟೆಡ್ ಎಲೆನ್‌ಗೂ ಬಿಡುಗಡಿ ಮಾಡ್ತಾನ. ತನಗ ಮಾಡ್ಕೊಳ್ಳಲಾಕ ಟೈಮ್ ಸಿಗೋದಿಲ್ಲ. ಆ ಸಿಟ್ಟಿಗೇ ಯಂತ್ರ ಅವಗ ಆ ಮೆತ್ತನ್ನ ಬಾಯಿಲ್ಲದ ಜೀವ ಮಾಡಿ ಇಡ್ತದ. ನಿನ್ನ ಊಟದ ತಾಟಿನ ಮುಂದ ಬರ್ಲಾಕತ್ತಿದ್ದು ಆ ಆಕಾರ, ಆದ್ರ ಆ ಆಕಾರದ ಒಳಗ ನಾಲ್ಕು ಮಂದಿ ಸಲುವಾಗಿ ತನ್ನ ಪಾಲಿನ ಸಾವು ಬಿಟ್ಟುಕೊಟ್ಟ ಮನಷ್ಯಾ ಅದಾನ. ಒಂದು ಸಲ ಹಂಗ ನೋಡು. ಅಸಹ್ಯ ಕಡಿಮಿ ಆಗಿ ಕರುಣಾ ಬರ್ತದ, ನನಗಂತೂ ಹಂಗೇ ಆಗ್ತದ.

ಹಂಗಂತ ಎಲ್ಲಾ ಸರಿ ಅದ ಅಂತ ಅನ್ನೋದಿಲ್ಲ. ಐದು ಮಂದ್ಯಾಗ ಎಲೆನ್ ಒಬ್ಬಾಕಿನೇ ಹೆಣ್ಣಮಗಳು, ಆಕಿ ಬಗ್ಗೆ ಕಥ್ಯಾಗ ಬರೋ ಮಾತು ಬಹಳಷ್ಟು ಆಕಿ ಮೈ ಬಗ್ಗೇನೇ ಅವ. ಹೇಳಾಂವ ಟೆಡ್, ಅವನ ತಲಿ ಕೆಟ್ಟದ, ಅವನ ಮಾತು ಪೂರಾ ನಂಬಬಾರದು ಅಂತ ವಾದ ಮಾಡೋರು ಇದ್ದಾರ, ಇರ್ಲಿ. ಆದ್ರ ಓದುಗರ ಹೇಸಿಕಿ ಅಲ್ಲಿ ಹಿಂಸಾ ಕೊಡೋ ಯಂತ್ರ ಬಿಟ್ಟು ಹಿಂಸಾ ಉಣ್ಣೋ ಹೆಣ್ಣಿನ ಮ್ಯಾಲ ಬೀಳ್ತದ, ಅದನ್ನ ತಡಿಯೋ ಕೆಲಸ ಕಥಿ ಮಾಡೋದಿಲ್ಲ. ಅದು ಕಥಿ ದೋಷ, ಹ್ಯೂಗೋ ಬಂದ್ರೂ ದೋಷಾನೇ. ನಿನಗ ಆ ಜಾಗದಾಗ ಕಸಿವಿಸಿ ಆಗಿದ್ರ ಅದು ಅಂಜಿಕಿ ಅಲ್ಲ, ವಿಮರ್ಶಾ.

ಸಾವಿರ ವರ್ಷದ ಹಿಂದ ಕಾಶ್ಮೀರದ ಕಾವ್ಯ ವಿಚಾರಕ ಅಭಿನವಗುಪ್ತ ಭಯಾನಕ ರಸ ತಿಳಿಸಿ ಹೇಳಲಾಕ ಕಾಳಿದಾಸನ ಶಾಕುಂತಲದ ಮೊದಲನೇ ಅಂಕದ ಜಿಂಕಿ ತಗೋತಾನ. ದುಷ್ಯಂತನ ರಥ ಬೆನ್ನ ಹತ್ಯದ, ಜಿಂಕಿ ಕುತ್ತಿಗಿ ಹೊಳ್ಳಿಸಿ ಹೊಳ್ಳಿಸಿ ನೋಡ್ಕೋತ ಓಡ್ತದ, ಬಾಣ ಎಲ್ಲಿ ಬಿದ್ದೀತೋ ಅಂತ ಹಿಂದಿನ ಮೈ ಮುಂದಕ್ಕ ಕುಗ್ಗಿಸಿಕೊಂಡದ, ದಣಿದು ತೆರೆದ ಬಾಯಾಗಿಂದ ಅರ್ಧ ಅಗದ ದರ್ಭಿ ಹುಲ್ಲು ದಾರಿ ತುಂಬ ಉದುರ್ಲಾಕತ್ಯದ. ಇದು ನೋಡೋರಿಗೆ ನಾ ಅಂಜೀನಿ ಅಂತಾನೂ ಅಲ್ಲ, ಅದು ಯಾವುದೋ ಜಿಂಕಿ ಅಂಜ್ಯದ ಅಂತಾನೂ ಅಲ್ಲ, ಆ ಕಾಲ ಈ ಜಾಗ ಅನ್ನೋದು ಕಳಚಿ ಬಿದ್ದು ಬರೀ ಭಯ ಅನ್ನೋದು ಸೀದಾ ಎದಿಗೆ ಬರ್ತದ ಅಂತಾನ ಅಭಿನವಗುಪ್ತ. ನನಗ ಭಾಳ ದೊಡ್ಡದು ಅನಸೋದು ಏನಂದ್ರ ಇಲ್ಲಿ ಕಣ್ಣೆಲ್ಲಾ ಜಿಂಕಿ ಮ್ಯಾಲ ಅದ. ಬೇಟಿ ಆಡೋ ರಾಜನ ಮಜಾ ಅಲ್ಲಿ ನಮ್ಮ ಪಾಲಿಗೆ ಬರೋದೇ ಇಲ್ಲ. ಆ ಉದುರೋ ಹುಲ್ಲು ಕಂಡ ಕವಿಗೆ ಜಿಂಕಿ ಜೀವದ ಬೆಲಿ ಗೊತ್ತದ.

ಹನಿ ರಕ್ತ ಇಲ್ಲದ ಕಥಿಗೂ ಇದೇ ಅಳತಿ ನಡೀತದ. ಟಾಮ್ ಗಾಡ್ವಿನ್ 1954ರಾಗ 'ದ ಕೋಲ್ಡ್ ಈಕ್ವೇಶನ್ಸ್' ಬರದ್ರು. ದೂರದ ಗ್ರಹದಾಗ ಬ್ಯಾನಿ ಬಿದ್ದವರಿಗೆ ಔಷಧ ಒಯ್ಯೋ ಸಣ್ಣ ಬಾಹ್ಯಾಕಾಶ ಹಡಗ, ಪೈಲಟ್ ಒಬ್ಬಂಗೆ ಆಗೋ ಅಷ್ಟೇ ಇಂಧನ, ಅದರಾಗ 18 ವರ್ಷದ ಹುಡಿಗಿ ಅಣ್ಣಗ ನೋಡಬೇಕು ಅಂತ ಕದ್ದು ಕುಂತಾಳ. ತೂಕದ ಲೆಕ್ಕ ಹತ್ತೋದಿಲ್ಲ, ಆಕಿಗೆ ಹಡಗಿನ ಹೊರಗ, ಬಾಹ್ಯಾಕಾಶಕ್ಕ, ದೂಡಬೇಕು. ಗಾಡ್ವಿನ್ ಆ ಹುಡಿಗಿಗೆ ಉಳಿಸೋ ಉಪಾಯ ಹುಡುಕಿ ಹುಡುಕಿ ಬರದಾಗೆಲ್ಲ ಸಂಪಾದಕ ಜಾನ್ ಕ್ಯಾಂಪ್‌ಬೆಲ್ ವಾಪಸ್ ಕಳಿಸಿದ್ರಂತ, ಆಕಿ ಸಾಯಲೇಬೇಕು ಅಂತ. ಈ ಕಥಿ ನಾ ಕ್ಲಾಸ್‌ನಾಗ ಹೇಳಿದಾಗೆಲ್ಲ ಹುಡುಗರು ಹುಡಿಗೇರು ಜಗಳಕ್ಕೇ ಬರ್ತಾರ, ಬಾಗಿಲಿಗೆ ಒಳಗ ಬರಬ್ಯಾಡ್ರಿ ಅಂತ ಬೋರ್ಡ್ ಹಾಕ್ಯಾರ ಆದ್ರ ಕೀಲಿ ಯಾಕ ಹಾಕಿಲ್ಲ, ಒಬ್ಬರ ತೂಕ ಹೆಚ್ಚಾದ್ರ ಬಿದ್ದು ಹೋಗೋ ಹಡಗ ಯಾರು ಕಟ್ಟಿದ್ರು ಅಂತ. ಅವರು ಕೇಳೋದು ಸರೀನೇ ಅದ. ಮುಚ್ಚದ ಬೋರ್‌ವೆಲ್‌ನಾಗ ಕೂಸು ಬಿದ್ರ ಗುರುತ್ವಾಕರ್ಷಣೆ ಕಾರಣ ಅಂತ ನಮ್ಮ ಕಡಿ ಯಾರೂ ಒಪ್ಪೋದಿಲ್ಲ, ಹಂಗೇ ಬಿಟ್ಟು ಹೋದಾಂವ ಯಾರು ಅಂತ ಕೇಳ್ತಾರ. ಗಾಡ್ವಿನ್ ಕಥಿ ಪ್ರಕೃತಿ ನಿಯಮದ ಮ್ಯಾಲ ಹೊರಿ ಹೊರಸಿ ಮನಷ್ಯಾಗ ಬಿಟ್ಟು ಬಿಡ್ತದ, ಅದಕ್ಕೇ ಮುಗಿದ ಮ್ಯಾಲ ಅಳು ಬಂದ್ರೂ ಒಳಗೊಳಗ ಏನೋ ಮೋಸ ಆಗ್ಯದ ಅನಸ್ತದ.

ಪೂರಾ ಬ್ಯಾರೆ ಥರದ್ದು ಆಕ್ಟೇವಿಯಾ ಬಟ್ಲರ್ ಅವರ 'ಬ್ಲಡ್‌ಚೈಲ್ಡ್', 1984ರಾಗ ಬಂತು, ಹ್ಯೂಗೋ, ನೆಬ್ಯುಲಾ ಎರಡೂ ಪ್ರಶಸ್ತಿ ಬಂದಾವ. ದಕ್ಷಿಣ ಅಮೆರಿಕಾದ ಕಾಡಿಗೆ ಹೋಗೋದಿತ್ತು ಬಟ್ಲರ್ ಅವರಿಗೆ, ಅಲ್ಲಿ ಬಾಟ್‌ಫ್ಲೈ ಅನ್ನೋ ನೊಣ ಅದ, ಅದರ ಮರಿಹುಳ ಮನಷ್ಯಾನ ಚರ್ಮದ ಒಳಗ ಹೊಕ್ಕು ಬೆಳೀತದ. ಆ ಹುಳದ ಅಂಜಿಕಿ ತಡೀಲಾರದ ಆ ಅಂಜಿಕಿನೇ ಕಥಿ ಮಾಡಿದ್ರು ಅಂತ ಅವರೇ ಬರದಾರ. ಕಥ್ಯಾಗ ಬ್ಯಾರೆ ಗ್ರಹದ ಹುಳದಂಥ ದೊಡ್ಡ ಜೀವಿಗೋಳು ಮನಷ್ಯಾರ ಮೈಯಾಗ ತತ್ತಿ ಇಡ್ತಾವ, ಬಹಳಷ್ಟು ಗಂಡಸರ ಮೈಯಾಗೇ. ಗಾನ್ ಅನ್ನೋ ಹುಡುಗ ಒಬ್ಬಾತನ ಹೊಟ್ಟಿ ಕೊಯ್ದು ಮರಿಹುಳ ತೆಗ್ಯೋದು ಕಣ್ಣಾರೆ ನೋಡ್ತಾನ. ಒಕ್ಕಲತನದ ಮನಿಯಾಗ ಬೆಳದವರಿಗೆ ಇದು ದೂರದ್ದಲ್ಲ, ಎತ್ತಿನ ಗಾಯದಾಗ ಹುಳ ಬಿದ್ದಾಗ ಔಷಧ ಹಾಕಿ ಒಂದೊಂದೇ ಹೊರಗ ತೆಗ್ಯೋದು ನೋಡಿದವರಿಗೆ ಆ ಪುಟ ಓದೋದು ಭಾಳ ಕಠಿಣ. ಭರತ ಬೀಭತ್ಸದಾಗೂ ಫರಕ್ ಮಾಡ್ಯಾನ, ರಕ್ತ ನೋಡಿ ಬರೋದು ಬ್ಯಾರೆ, ಹುಳ ಹೊಲಸು ನೋಡಿ ಬರೋದು ಬ್ಯಾರೆ ಅಂತ. ಇಲ್ಲಿ ಎರಡೂ ಒಟ್ಟಿಗೇ ಬರ್ತಾವ. ಆದ್ರ ಬಟ್ಲರ್ ಅಲ್ಲಿಗೆ ನಿಲ್ಸೋದಿಲ್ಲ. ಇಷ್ಟು ನೋಡಿದ ಮ್ಯಾಲ ತತ್ತಿ ತನ್ನ ಮೈಯಾಗ ಇರಬೇಕೋ ಅಕ್ಕನ ಮೈಯಾಗ ಇರಬೇಕೋ ಅಂತ ಗಾನ್ ನಿರ್ಧಾರ ಮಾಡಬೇಕಾಗ್ತದ, ಆಗ ನಿನ್ನ ಅಸಹ್ಯ ಹುಳದ ಮ್ಯಾಲಿಂದ ಸರದು ಇನ್ನೆಲ್ಲೋ ಹೋಗ್ತದ, ಬಸಿರು ಹೆರಿಗಿ ಅನ್ನೋದೆಲ್ಲಾ ಇಷ್ಟು ವರ್ಷ ಹೆಣ್ಣಿನ ಮ್ಯಾಲ ಬಿಟ್ಟು ಸುಮ್ನ ಕುಂತಿದ್ದೀವಲ್ಲ ಅನ್ನೋ ತನಕ ಹೋಗ್ತದ. ಇಂಥದ್ದು ಬರಿಯೋದು ಸರಿನಾ ಅಂತ ಕೇಳಿದ್ದಿ. ಹಿಂಗ ಬರದ್ರ ಸರಿ, ಸಾಹಿತ್ಯಾನೂ ಹೌದು, ದೊಡ್ಡ ಸಾಹಿತ್ಯ. ನರಳೋ ಜೀವದ ಹೆಸರು ಸುದ್ದಾ ಹೇಳದೇ ಬರೀ ಮೈ ಕತ್ತರಸಿ ತೋರಸೋ ಕಥಿ ರಗಡ ಅವ, ಅವಕ್ಕ ನನ್ನ ಬಲ್ಲಿ ಟೈಮ್ ಇಲ್ಲ.

ಈಗ ನಿನ್ನ ನಿದ್ದಿ, ಊಟ. ಆ ಚಿತ್ರ ಬಂದಾಗ ಬರಬ್ಯಾಡ ಬರಬ್ಯಾಡ ಅಂತ ದೂಡಬ್ಯಾಡ. ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1987ರಾಗ ಮಾಡಿದ ಪ್ರಯೋಗದಾಗ ಬಿಳಿ ಕರಡಿ ನೆನಸಬ್ಯಾಡ್ರಿ ಅಂತ ಹೇಳಿದ್ರೂ ಮಂದಿಗೆ ಅದು ಬರೋದು ನಿಲ್ಲಲಿಲ್ಲ, ಆಮ್ಯಾಲ ಈಗ ನೆನಸ್ರಿ ಅಂದಾಗ ಇನ್ನಾ ಜಾಸ್ತಿ ಬಂತು. ಬಂದ್ರ ಬರಲಿ, ಇದು ಟೆಡ್, ಇದು ಕಥಿ ಕಡೀ ಪುಟ ಅಂತ ಗುರುತು ಹಿಡಿದು ತುತ್ತು ಉಣ್ಣು. ಇನ್ನೊಂದು, 2009ರಾಗ ಎಮಿಲಿ ಹೋಮ್ಸ್ ಮತ್ತ ಅವರ ಜೊತಿಯವರು ಆಕ್ಸ್‌ಫರ್ಡ್‌ನಾಗ ಮಂದಿಗೆ ಅಪಘಾತ ಸಾವು ಇರೋ ವಿಡಿಯೋ ತೋರಿಸಿ ಅರ್ಧ ತಾಸಿನ ಮ್ಯಾಲ ಕೆಲವರಿಗೆ ಟೆಟ್ರಿಸ್, ಅಂದ್ರ ಸ್ಕ್ರೀನ್ ಮ್ಯಾಲಿಂದ ಬೀಳೋ ತುಂಡು ಜೋಡಿಸೋ ಆಟ, ಆಡ್ಸಿದ್ರು. ಆಡಿದವರಿಗೆ ಮುಂದಿನ ಒಂದು ವಾರದಾಗ ಆ ಚಿತ್ರ ತಾನಾಗೇ ನೆನಪಾಗೋದು ಕಡಿಮಿ ಆಯ್ತು, ಯಾಕಂದ್ರ ಕಣ್ಣಿಗೂ ಜಾಗದ ಲೆಕ್ಕಕ್ಕೂ ಕೆಲಸ ಕೊಟ್ರ ಚಿತ್ರ ಗಟ್ಟಿಯಾಗಿ ಕೂಡಲಾಕ ಎಡಿ ಸಿಗೋದಿಲ್ಲ ಅಂತ ಅವರ ವಿಚಾರ. ಅದು ವಿಡಿಯೋ, ನಿಂದು ಓದು, ಆದ್ರೂ ಮಾಡಿ ನೋಡಲಾಕ ಖರ್ಚೇನೂ ಇಲ್ಲ. ಇನ್ನೊಮ್ಮೆ ಇಂಥ ಕಥಿ ಓದಿದ್ರ ಸೀದಾ ಮಲಗಬ್ಯಾಡ, ಟೆಟ್ರಿಸ್ ಆಡು, ಇಲ್ಲಾಂದ್ರ ರಂಗೋಲಿ ಚುಕ್ಕಿ ಹಾಕು. ಊರಿಗೆ ಹೋದಾಗಾದ್ರ ಅವ್ವನ ಜೊತಿ ಕುಂತು ತೊಗರಿ ಬ್ಯಾಳಿ ಹಸನು ಮಾಡು.

ಎಲ್ಲಾದಕ್ಕಿಂತ ಹೆಚ್ಚು, ಒಬ್ಬಾಕಿನೇ ಇಟ್ಟುಕೊಂಡು ಕುಂದರಬ್ಯಾಡ. ನಮ್ಮ ಭಾಗದಾಗ ಮೊಹರಂ ಬಂದ್ರ ಅಲಾಯಿ ಮುಂದ ರಿವಾಯತ್ ಪದ ಹಾಡ್ತಾರಲ್ಲ, ಕರ್ಬಲಾದ ಬಿಸಿಲು, ನೀರಿಲ್ಲದ ಕೂಸುಗೋಳ ಬಾಯಿ ಒಣಗಿದ್ದು, ಕಾಸಿಮನ ಮದುವಿ ಆದ ಹೊತ್ತಿನ್ಯಾಗೇ ಅವನ ಸಾವು, ಎಲ್ಲಾ ಬಿಡಿಸಿ ಬಿಡಿಸಿ ಹೇಳ್ತಾರ, ಕೇಳಲಾಕ ಎದಿ ಒಡೀತದ. ಆದ್ರ ಹಾಡೋರು ಹತ್ತು ಮಂದಿ, ಸುತ್ತ ಊರು ಊರೇ ನಿಂತಿರ್ತದ, ಯಾವ ಜಾತಿ ಯಾವ ಧರ್ಮ ಅಂತಿಲ್ಲ, ಅಳು ಬಂದ್ರ ಅಳ್ತಾರ, ಬಾಜೂಕ ಇದ್ದವರು ಹೆಗಲ ಮ್ಯಾಲ ಕೈ ಇಡ್ತಾರ, ಮುಂಜಾನಿ ಹೊಲಕ್ಕ ಹೋಗ್ತಾರ. ನೀ ಅಷ್ಟೇ ಭಾರದ್ದು ಚಾದರ ಒಳಗ ಮೊಬೈಲ್ ಹಿಡ್ಕೊಂಡು ಒಬ್ಬಾಕಿನೇ ಕೇಳಿದಿ, ಅಳಲಿಲ್ಲ, ಯಾರೂ ಬಾಜೂಕ ಇರಲಿಲ್ಲ, ಮುಂಜಾನಿ ಹೇಳಿದ್ರ ನಕ್ಕರು. ರೂಮ್‌ಮೇಟ್ಸ್ ಬ್ಯಾಡಾದ್ರ ಇನ್ನೊಬ್ಬರಿಗೆ ಹಿಡಿದು ಡಬ್ಬಿ ಪ್ರಸಂಗದಿಂದ ಶುರು ಮಾಡಿ ಪೂರಾ ಕಥಿ ಬಾಯಿಲೇ ಹೇಳು. ಹೇಳ್ಕೋತ ಹೇಳ್ಕೋತ ಅದು ನಿನ್ನ ಕೈಯಾಗ ಬರ್ತದ.

ಇಷ್ಟು ಮಾಡಿದ ಮ್ಯಾಲೂ ಎರಡು ವಾರ ನಿದ್ದಿ ಇಲ್ಲ, ಊಟ ಇಲ್ಲ ಅಂದ್ರ, ಇಲ್ಲಾಂದ್ರ ಈ ಕಥಿ ನಿನ್ನ ಜೀವನದಾಗ ಆಗಿ ಹೋದ ಯಾವುದೋ ಹಳೀ ವಿಷಯ ಎಬ್ಬಿಸಿದಂಗ ಅನಸಿದ್ರ ಅವತ್ತೇ 14416ಕ್ಕ ಫೋನ್ ಮಾಡು, ಅದು ಮನಸ್ಸಿನ ಆರೋಗ್ಯಕ್ಕ ಸರಕಾರದ ಸಹಾಯವಾಣಿ ಟೆಲಿ ಮಾನಸ್, 2022ರಾಗ ಶುರು ಆಗ್ಯದ, ರೊಕ್ಕ ಇಲ್ಲ, ಕನ್ನಡದಾಗ ಮಾತಾಡ್ತಾರ. ಜಿಲ್ಲಾ ದವಾಖಾನ್ಯಾಗ ಮನೋವೈದ್ಯರಿಗೆ ತೋರಿಸಿದ್ರೂ ಆಯ್ತು, ಅದರಾಗ ನಾಚಿಕಿ ಪಡೋದು ಏನೂ ಇಲ್ಲ.

ಬಿಟ್ಟುಬಿಡ್ಲೇನು ಅಂದಿ. ಪೂರಾ ಬಿಡಬ್ಯಾಡ, ಆದ್ರ ನಡುವ ನಿಲ್ಸೋ ಹಕ್ಕು ನಿನಗ ಯಾವಾಗ್ಲೂ ಅದ, ಶುರು ಮಾಡಿದ್ದು ಮುಗಿಸಲೇಬೇಕು ಅನ್ನೋದು ಪರೀಕ್ಷಾ ಪುಸ್ತಕಕ್ಕ ಇರಲಿ. ಸ್ವಲ್ಪ ದಿನ ಬಿಟ್ಟು, ಹಗಲೊತ್ತಿನ್ಯಾಗ, ಊಟಕ್ಕ ಮೊದಲಾಗ್ಲಿ ಊಟ ಆದ ಕೂಡ್ಲೇ ಆಗ್ಲಿ ಬ್ಯಾಡ, 'ಬ್ಲಡ್‌ಚೈಲ್ಡ್' ಓದು, ಅದರ ಸಂಕಲನದಾಗ ಕಥಿ ಹಿಂದ ಬಟ್ಲರ್ ಬರದ ಎರಡು ಮಾತು ಇರ್ತಾವ, ಹುಳದ ಪುಟ ತಡ್ಯೋದು ಕಷ್ಟ ಆದ್ರ ಅಲ್ಲಿಗೇ ನಿಲ್ಸಿ ಅದು ಓದ್ಕೊಂಡು ವಾಪಸ್ ಬಾ. ಗೆಳತಿಗೆ ಕೊಡೋದಾದ್ರ ಕೊಡೋಕಿಂತ ಮೊದಲೇ ಇದರಾಗ ಇಂಥಿಂಥದ್ದು ಅದ ಅಂತ ಹೇಳಿ ಕೊಡು, ಓದೋದೋ ಬಿಡೋದೋ ಆಕಿ ನೋಡ್ಕೋತಾಳ. ಗಾನ್ ಕಡಿಗಿ ಹಂಗ ಯಾಕ ನಿರ್ಧಾರ ಮಾಡಿದ ಅಂತ ನಿನಗ ಅನಸ್ತದೋ ಅದನ್ನ ನನಗ ಬರದು ಕಳಸು, ಪ್ರೀತಿಗೋ ಅಂಜಿಕಿಗೋ ಅನ್ನೋದರ ಮ್ಯಾಲ ಓದಿದವರಾಗ ಇವತ್ತಿಗೂ ಒಮ್ಮತ ಇಲ್ಲ.